ಊರಿದೆ, ಊರಿನವರಿಲ್ಲ

ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲಿ ಇಂಬರ್ ಎಂಬ ಹಳ್ಳಿಯಿದೆ. 1943ರ ನವೆಂಬರ್ 1ರಂದು ಆ ಊರಿನವರನ್ನೆಲ್ಲ ಶಾಲೆಯ ಕೋಣೆಗೆ ಕರೆಸಿ, 47 ದಿನಗಳೊಳಗೆ ಮನೆ ಖಾಲಿ ಮಾಡಬೇಕೆಂದು ತಿಳಿಸಲಾಯಿತು. ಆಗ ಅಲ್ಲಿದ್ದವರು ಸುಮಾರು 150 ಜನ. ಹೊಲದಲ್ಲಿ ದುಡಿಯುವವರೇ ಹೆಚ್ಚು, ಜೊತೆಗೊಬ್ಬ ಕಮ್ಮಾರ. ಯುರೋಪಿನ ದಂಡೆಗೆ ಇಳಿಯಲು ತಯಾರಾಗುತ್ತಿದ್ದ ಅಮೆರಿಕದ ಸೈನಿಕರು ಬೀದಿ ಕಾಳಗ ಕಲಿಯಬೇಕಿತ್ತು. ಬೀದಿ ಕಾಳಗ ಕಲಿಯಲು ಬೀದಿ ಬೇಕು, ಬೀದಿ ಇರಬೇಕಾದರೆ ಊರು ಬೇಕು. ಸುತ್ತಲಿನ ಜಮೀನು, ಊರಿನ ಬಹುಪಾಲು ಮನೆಗಳು ಆಗಲೇ ಯುದ್ಧ ಇಲಾಖೆಯ ಕೈಸೇರಿದ್ದವು. ಹಾಗಾಗಿ ತಕರಾರು ಎತ್ತುವ ದಾರಿಯೂ ಹೆಚ್ಚಿರಲಿಲ್ಲ. ಯುದ್ಧ ಮುಗಿದ ಮೇಲೆ ಹಿಂತಿರುಗಬಹುದೆಂಬ ನಂಬಿಕೆಯಲ್ಲಿ ಕೆಲವರು ಅಡುಗೆಮನೆಯ ಡಬ್ಬಿಗಳನ್ನು ಇದ್ದಲ್ಲೇ ಬಿಟ್ಟು ಹೊರಟರು.

ಯುದ್ಧ ಮುಗಿಯಿತು, ಊರು ಮರಳಿ ಸಿಗಲಿಲ್ಲ. 1961ರಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೇ ಹೋಗಿ ಪ್ರತಿಭಟಿಸಿದರು. ಏನೂ ಆಗಲಿಲ್ಲ. ಹಳೆಯ ಮನೆಗಳು ಗುಂಡಿಗೂ ಶೆಲ್ಲಿಗೂ ಉದುರಿದವು. 1970ರ ದಶಕದಲ್ಲಿ, ಉತ್ತರ ಐರ್ಲೆಂಡಿಗೆ ಹೋಗುವ ಸೈನಿಕರ ತಾಲೀಮಿಗೆಂದು ಅಲ್ಲೇ ಖಾಲಿ ಮನೆಗಳ ಸಾಲು ಕಟ್ಟಿದರು. ಬರೀ ಗೋಡೆ ಮತ್ತು ಸೂರು. ಇಂಬರ್ ಎರಡನೆಯ ಸಲ ಊರಾಯಿತು. ಈ ಸಲ ಯಾರೂ ವಾಸಿಸಲಿಕ್ಕೆಂದು ಅಲ್ಲ.

ನಗರದಲ್ಲಿ ಕಾದುವುದನ್ನು ಸೈನ್ಯಗಳು ಹೇಗೆ ಕಲಿಯುತ್ತವೆ ಎಂಬ ಪ್ರಶ್ನೆಯ ಗಂಟು ಈ ಹಳ್ಳಿಯಲ್ಲೇ ಇದೆ. ಊರಿನಲ್ಲಿ ಹೋರಾಡಲು ಕಲಿಯುವ ಮೊದಲು ಊರಿನವರನ್ನು ಹೊರಗೆ ಕಳಿಸಬೇಕು. ಅದಕ್ಕೆ ಬೇರೆ ದಾರಿಯಿಲ್ಲ. ಜನ ಇರುವ ಕಡೆ ಗುಂಡು ಹಾರಿಸಿ ಪಾಠ ಹೇಳಿಕೊಡಲಾಗದು. ಆದರೆ ನಿಜವಾದ ಯುದ್ಧದ ದಿನ ಊರಿನವರು ಅಲ್ಲೇ ಇರುತ್ತಾರೆ. ಕಲಿಯುವಾಗ ಇಲ್ಲದವರು, ಪರೀಕ್ಷೆಯ ದಿನ ಪ್ರತಿ ಬಾಗಿಲ ಹಿಂದೆಯೂ ಇರುತ್ತಾರೆ.

*

ಹಾಗೆಂದು ತರಬೇತಿಯೇ ವ್ಯರ್ಥ ಎನ್ನುವಂತಿಲ್ಲ. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 1968ರ ಫೆಬ್ರವರಿಯಲ್ಲಿ ವಿಯೆಟ್ನಾಮಿನ ಹುವೇ ನಗರವನ್ನು ಮರಳಿ ಹಿಡಿಯಲು ಹೊರಟ ಅಮೆರಿಕದ ಮರೀನ್ ಸೈನಿಕರು ಗದ್ದೆ, ಕಾಡು, ಗುಡ್ಡಗಳಲ್ಲಿ ಪಳಗಿದವರು. ಅವರ ಸೈನ್ಯ ದೊಡ್ಡದೊಂದು ನಗರದಲ್ಲಿ ಮನೆಮನೆಗೆ ನುಗ್ಗಿ ಹೋರಾಡಿ 1950ರ ಸೋಲ್ ಕಾಳಗದಿಂದ ಈಚೆಗೆ 17 ವರ್ಷ ಕಳೆದಿತ್ತು. ಒಂದು ಬೆಟಾಲಿಯನ್ನಿನ ಮುಖ್ಯಸ್ಥ ಅರ್ನೆಸ್ಟ್ ಚೀತಮ್ ಹಿಂದಿನ ರಾತ್ರಿ ಶಿಬಿರದ ಟ್ರಂಕುಗಳನ್ನು ಕೆದಕಿ, ಕಟ್ಟಡಗಳಿರುವ ಜಾಗದಲ್ಲಿ ಕಾದುವುದರ ಬಗ್ಗೆ ಇದ್ದ ಹಳೆಯ ಕೈಪಿಡಿಗಳನ್ನು ಹುಡುಕಿ ಓದಿಕೊಂಡ. ಬೀದಿಗೆ ಇಳಿಯಬೇಡ, ಗೋಡೆ ಒಡೆದು ಒಂದು ಮನೆಯಿಂದ ಇನ್ನೊಂದಕ್ಕೆ ದಾಟು ಎಂಬಂಥ ಪಾಠಗಳು ಅವುಗಳಲ್ಲಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ವಿದ್ಯಾರ್ಥಿಯಂತೆ ಆತ ಮರುದಿನ ಊರೊಳಗೆ ಹೋದ. ಆ ನಗರಕ್ಕಾಗಿ ನಡೆದ ಕಾಳಗ ಸುಮಾರು ಒಂದು ತಿಂಗಳು ಹಿಡಿಯಿತು.

ಕೈಪಿಡಿ ಹೇಳುತ್ತಿದ್ದುದು ಹೊಸದೇನಲ್ಲ. 1943ರ ಡಿಸೆಂಬರಿನಲ್ಲಿ ಇಟಲಿಯ ಓರ್ಟೋನಾ ಪಟ್ಟಣದಲ್ಲಿ ಕೆನಡಾದ ಸೈನಿಕರು ಬೀದಿಯಲ್ಲಿ ತಲೆ ಎತ್ತಲಾಗದೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಗೋಡೆಗಳನ್ನು ಒಡೆಯುತ್ತ, ಇಲಿಗಳಂತೆ ಒಳಗೊಳಗೇ ಮುಂದೆ ಸಾಗಿದ್ದರು. ಆದರೆ ಸೈನ್ಯಗಳಿಗೂ ಮರೆವು ಇರುತ್ತದೆ. ಒಂದು ಪೀಳಿಗೆ ರಕ್ತ ಕೊಟ್ಟು ಕಲಿತದ್ದನ್ನು ಮುಂದಿನ ಪೀಳಿಗೆ ಟ್ರಂಕಿನಲ್ಲಿ ಬೀಗ ಹಾಕಿಡುತ್ತದೆ.

ನಗರ ಸೈನಿಕನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡುತ್ತದೆ. ಬಯಲಿನಲ್ಲಿ ಶತ್ರು ಮುಂದೆ ಇರುತ್ತಾನೆ. ನಗರದಲ್ಲಿ ಮೇಲಿನ ಮಹಡಿಯಲ್ಲಿ, ಕೆಳಗಿನ ಚರಂಡಿಯಲ್ಲಿ, ಆಗಲೇ ದಾಟಿಬಂದ ಮನೆಯಲ್ಲೂ ಇರಬಹುದು. ನಕ್ಷೆ ಚಪ್ಪಟೆ, ನಗರ ಚಪ್ಪಟೆಯಲ್ಲ. ಕಾಂಕ್ರೀಟಿನ ನಡುವೆ ರೇಡಿಯೊ ಕೈಕೊಡುತ್ತದೆ. 800 ಜನರ ಬೆಟಾಲಿಯನ್ ನಾಲ್ಕೈದು ಜನರ ಚೂರುಗಳಾಗಿ ಒಡೆದು ಬೇರೆ ಬೇರೆ ಮೆಟ್ಟಿಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕರ್ನಲ್ಲಿಗೆ ಏನೂ ಕಾಣದು. ನಿರ್ಧಾರ ಮಾಡಬೇಕಾದವನು ಇಪ್ಪತ್ತು ದಾಟಿದ ಒಬ್ಬ ನಾಯಕ್, ಅದೂ ಉಸಿರು ಬಿಡುವಷ್ಟು ಹೊತ್ತಿನಲ್ಲಿ.

ಇಂಥ ಕಡೆ ಕವಾಯತು ಬೇಕೇ ಬೇಕು. ಬಾಗಿಲ ಚೌಕಟ್ಟಿನಲ್ಲಿ ನಿಂತರೆ ಸಾವು; ಆದ್ದರಿಂದ ಮೊದಲನೆಯವನು ಒಂದು ಮಗ್ಗುಲಿಗೆ, ಎರಡನೆಯವನು ಇನ್ನೊಂದು ಮಗ್ಗುಲಿಗೆ ಸರಿಯಬೇಕು. ಯಾರ ಬಂದೂಕಿನ ಮೂತಿ ಯಾವ ಮೂಲೆಯ ಕಡೆ ಎಂಬುದು ಯೋಚಿಸದೆ ಆಗಬೇಕು. ಸಾವಿರ ಸಲ ಮಾಡಿದರೆ ಮೈಗೆ ಬರುತ್ತದೆ. ಭಯ ಬುದ್ಧಿಯನ್ನು ಕಿತ್ತುಕೊಂಡಾಗಲೂ ಮೈ ಕಲಿತದ್ದನ್ನು ಅಷ್ಟು ಬೇಗ ಬಿಡದು. ತರಬೇತಿ ಪಡೆದ ತುಕಡಿ ಕಡಿಮೆ ಜನರನ್ನು ಕಳೆದುಕೊಳ್ಳುತ್ತದೆ, ತನ್ನವರ ಮೇಲೇ ಗುಂಡು ಹಾರಿಸಿಕೊಳ್ಳುವುದೂ ಕಡಿಮೆ. ತಾಲೀಮಿನ ಊರುಗಳಿಗೆ ಸರ್ಕಾರಗಳು ಕೋಟಿಗಟ್ಟಲೆ ಸುರಿಯುವುದು ಇದಕ್ಕೇ. ಜರ್ಮನಿಯ ಸೈನ್ಯ ಸಾಕ್ಸೋನಿ-ಆನ್‌ಹಾಲ್ಟ್ ರಾಜ್ಯದಲ್ಲಿ ಶ್ನೋಗರ್ಸ್‌ಬುರ್ಗ್ ಎಂಬ ನಕಲಿ ನಗರವನ್ನೇ ಕಟ್ಟಿಕೊಂಡಿದೆ. ಸುಮಾರು 6 ಚದರ ಕಿಲೋಮೀಟರ್, 500ಕ್ಕೂ ಹೆಚ್ಚು ಕಟ್ಟಡಗಳು, ಚರಂಡಿ ಜಾಲ, ಜೊತೆಗೆ ಎಲ್ಲಿಗೂ ಹೋಗದ ಒಂದು ಮೆಟ್ರೊ ಸುರಂಗ.

*

ಇಷ್ಟು ದುಡ್ಡು ಸುರಿದರೂ ನಕಲಿ ನಗರ ಕೆಲವು ತಪ್ಪು ಪಾಠಗಳನ್ನು ಕಲಿಸಿಬಿಡುತ್ತದೆ. ಏನೂ ಕಲಿಸದಿದ್ದರೆ ಒಂದು ನಷ್ಟ. ತಪ್ಪನ್ನೇ ಮೈಗೆ ಹತ್ತಿಸಿದರೆ ನಷ್ಟ ಇನ್ನೂ ದೊಡ್ಡದು.

ಬಹಳ ಸೈನ್ಯಗಳು ತಾಲೀಮಿನಲ್ಲಿ ಲೇಸರ್ ಉಪಕರಣ ಬಳಸುತ್ತವೆ. ಬಂದೂಕಿನ ತುದಿಯಿಂದ ಲೇಸರ್ ಕಿರಣ ಹೊರಡುತ್ತದೆ, ಎದುರಿನವನ ಮೈಮೇಲಿನ ಪಟ್ಟಿಗೆ ತಾಗಿದರೆ ಅವನು ‘ಸತ್ತಂತೆ’. ಈ ಕಿರಣವನ್ನು ಒಂದು ಪರದೆ ತಡೆಯುತ್ತದೆ, ಒಂದು ಪೊದೆ ತಡೆಯುತ್ತದೆ, ಪ್ಲೈವುಡ್ ಹಲಗೆಯೂ ತಡೆಯುತ್ತದೆ. ನಿಜವಾದ ಗುಂಡು ಇವೆಲ್ಲವನ್ನೂ ತೂರಿ ಹೋಗುತ್ತದೆ. ಮರದ ಬಾಗಿಲನ್ನು, ತೆಳು ಇಟ್ಟಿಗೆಯ ಅಡ್ಡಗೋಡೆಯನ್ನು ದಾಟಿ ಆಚೆ ಕೋಣೆಯಲ್ಲಿರುವವರಿಗೂ ತಾಗುತ್ತದೆ. ಲೇಸರಿನಲ್ಲಿ ಪಳಗಿದವನು ಮೇಜಿನ ಹಿಂದೆ ಅಡಗಿದರೆ ಸುರಕ್ಷಿತ ಎಂದು ಕಲಿಯುತ್ತಾನೆ. ಅದಕ್ಕಿಂತ ಹೆಚ್ಚಿಗೆ, ತಾನು ಹಾರಿಸಿದ ಗುಂಡು ಎದುರಿನ ಗೋಡೆಯಲ್ಲೇ ನಿಲ್ಲುತ್ತದೆ ಎಂದೂ ಕಲಿಯುತ್ತಾನೆ. ಮುಂಬೈನ ಚಾಳಿನಲ್ಲೋ ಹೈದರಾಬಾದಿನ ಹಳೆಯ ಗಲ್ಲಿಯಲ್ಲೋ ಇದ್ದವರಿಗೆ ಗೊತ್ತು: ಪಕ್ಕದ ಮನೆಯ ಒಗ್ಗರಣೆಯ ಸದ್ದು ಕೇಳಿಸುವ ಗೋಡೆಗಳವು.

ನಕಲಿ ನಗರದ ಮನೆಗಳಲ್ಲಿ ಸಾಮಾನು ಇರುವುದು ಕಡಿಮೆ. ನಿಜವಾದ ಮನೆಯಲ್ಲಿ ಮಂಚ, ಬೀರು, ಗ್ಯಾಸ್ ಸಿಲಿಂಡರ್, ನೀರು ತುಂಬಿದ ಡ್ರಮ್ಮು, ಬಾಲ್ಕನಿಗೆ ಹಾಕಿದ ಕಬ್ಬಿಣದ ಜಾಲರಿ, ದಾರಿಗಡ್ಡ ನಿಲ್ಲಿಸಿದ ಮಗುವಿನ ಸೈಕಲ್. ಕವಾಯತಿನಲ್ಲಿ ಎರಡು ಹೆಜ್ಜೆಗೆ ಮುಗಿದ ಕೋಣೆ ಇಲ್ಲಿ ಮುಗಿಯುವುದಿಲ್ಲ. ಮತ್ತೆ ನಕಲಿ ನಗರವನ್ನು ಕೆಡವುವಂತಿಲ್ಲ, ನಾಳೆ ಇನ್ನೊಂದು ತಂಡ ಬರುತ್ತದೆ. ನಿಜವಾದ ನಗರ ಮೂರನೆಯ ದಿನಕ್ಕೇ ನಕ್ಷೆಯಲ್ಲಿದ್ದ ನಗರವಾಗಿ ಉಳಿದಿರುವುದಿಲ್ಲ. ಬೀದಿ ಮುಚ್ಚಿಹೋಗಿರುತ್ತದೆ, ಕುಸಿದ ಕಟ್ಟಡದ ಅವಶೇಷದಲ್ಲಿ ಹೊಸ ಅಡಗುತಾಣಗಳು ಹುಟ್ಟಿರುತ್ತವೆ. ತಾಲೀಮು ಕೆಲವು ದಿನಗಳಲ್ಲಿ ಮುಗಿದು ಎಲ್ಲರೂ ಚಹಾ ಕುಡಿಯುತ್ತಾರೆ. ಇರಾಕಿನ ಮೊಸೂಲ್ ಕಾಳಗ 2016ರ ಅಕ್ಟೋಬರಿನಲ್ಲಿ ಶುರುವಾಗಿ 2017ರ ಜುಲೈವರೆಗೆ ನಡೆಯಿತು.

ಗೋಡೆ ಒಡೆದು ಸಾಗುವ ಪಾಠವನ್ನೇ ಇನ್ನೊಮ್ಮೆ ನೋಡಬಹುದು. 2002ರ ಏಪ್ರಿಲಿನಲ್ಲಿ ಇಸ್ರೇಲಿನ ಸೈನಿಕರು ನಾಬ್ಲುಸ್‌ನ ಹಳೆಯ ಪಟ್ಟಣದಲ್ಲಿ ಬೀದಿಗಿಳಿಯದೆ ಮನೆಗಳ ಗೋಡೆ ಕೊರೆಯುತ್ತ ಮುಂದುವರಿದರು. ಮುಂದೆ ಕೆಲವು ವರ್ಷಗಳಲ್ಲಿ ನೆಗೆವ್ ಮರುಭೂಮಿಯ ತ್ಸೆಎಲಿಂ ನೆಲೆಯಲ್ಲಿ ದೊಡ್ಡ ತಾಲೀಮಿನ ನಗರವೊಂದು ಎದ್ದಿತು. ಅಲ್ಲಿ ಮಸೀದಿಯಿದೆ, ಓಣಿಗಳಿವೆ, ಗೋಡೆಗಳಲ್ಲಿ ಮೊದಲೇ ಮಾಡಿಟ್ಟ ತೂತುಗಳೂ ಇವೆ. ಆ ತೂತಿನಿಂದ ದಾಟಿದ ಸೈನಿಕ ಖಾಲಿ ಕೋಣೆಗೆ ಬರುತ್ತಾನೆ. ನಾಬ್ಲುಸ್‌ನಲ್ಲಿ ಗೋಡೆ ಒಡೆದಾಗ ಆಚೆ ಇದ್ದದ್ದು ಕುಟುಂಬಗಳು ಕೂತಿದ್ದ ನಡುಮನೆಗಳು. ಒಂದೇ ತೂತು. ಅದನ್ನು ಕೊರೆಯುವ ಕೈಗೆ ಅಭ್ಯಾಸವಿದೆ. ಆಚೆ ಕಂಡ ಮುಖಗಳ ಮುಂದೆ ಏನು ಮಾಡಬೇಕೆಂಬುದಕ್ಕೆ ಅಭ್ಯಾಸವಿಲ್ಲ.

*

ಸೈನ್ಯಗಳಿಗೆ ಈ ಕೊರತೆ ಗೊತ್ತಿಲ್ಲವೆಂದಲ್ಲ. ಊರಿನವರನ್ನು ಹೇಗಾದರೂ ತಾಲೀಮಿನೊಳಗೆ ತರಬೇಕೆಂದು ಅವು ಬಹಳ ಕಾಲದಿಂದ ಒದ್ದಾಡಿವೆ. ಉತ್ತರ ಐರ್ಲೆಂಡಿಗೆ ಹೊರಡುವ ಬ್ರಿಟಿಷ್ ತುಕಡಿಗಳಿಗಾಗಿ ಜರ್ಮನಿಯ ಸೆನ್ನೆಲಾಗರ್‌ನಲ್ಲಿ ‘ಟಿನ್ ಸಿಟಿ’ ಎಂಬ ತಗಡಿನ ಪಟ್ಟಣ ಕಟ್ಟಿದ್ದರು. ಅಲ್ಲಿ ಬೆಲ್‌ಫಾಸ್ಟಿನ ಕಲ್ಲು ತೂರುವ ಜನರಾಗಿ ನಟಿಸುತ್ತಿದ್ದವರು ಬೇರೆ ತುಕಡಿಯ ಸೈನಿಕರು. ಜನಸಾಮಾನ್ಯ ಹೇಗೆ ನಡೆದುಕೊಳ್ಳುತ್ತಾನೆಂದು ಸೈನಿಕ ಊಹಿಸಿಕೊಂಡಿದ್ದನೋ ಅದನ್ನೇ ಇನ್ನೊಬ್ಬ ಸೈನಿಕನಿಗೆ ಅಭಿನಯಿಸಿ ತೋರಿಸುತ್ತಿದ್ದ. ಕನ್ನಡಿಯ ಮುಂದೆ ಇನ್ನೊಂದು ಕನ್ನಡಿ.

ಅಮೆರಿಕದವರು ಇನ್ನೂ ಮುಂದೆ ಹೋದರು. 2003ರ ನಂತರ ಇರಾಕಿನಲ್ಲಿ ಏಟು ತಿನ್ನತೊಡಗಿದ ಮೇಲೆ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿರುವ ಫೋರ್ಟ್ ಇರ್ವಿನ್ ತರಬೇತಿ ನೆಲೆಯಲ್ಲಿ ಮದೀನಾ ವಸ್ಲ್, ಮದೀನಾ ಜಬಲ್ ಮುಂತಾದ ಹೆಸರಿನ ‘ಇರಾಕಿ’ ಹಳ್ಳಿಗಳು ಹುಟ್ಟಿಕೊಂಡವು. ಸರಕು ಸಾಗಿಸುವ ಕಂಟೇನರ್, ಪ್ಲೈವುಡ್ ಸೇರಿಸಿ ಮನೆ ಕಟ್ಟಿದರು, ಅಂಗಡಿಗಳಿಗೆ ಅರಬ್ಬಿ ಫಲಕ ಹಾಕಿದರು. ಅಮೆರಿಕದಲ್ಲಿ ನೆಲೆಸಿದ್ದ ಇರಾಕಿಗಳನ್ನು ಸಂಬಳಕ್ಕೆ ಕರೆತಂದು ಒಬ್ಬನನ್ನು ಮೇಯರ್, ಒಬ್ಬನನ್ನು ಪೊಲೀಸ್ ಅಧಿಕಾರಿ, ಒಬ್ಬಳನ್ನು ಮಗ ಸತ್ತ ತಾಯಿ ಮಾಡಿದರು. ಕೈಕಾಲು ಕಳೆದುಕೊಂಡವರಿಗೆ ಸಿನಿಮಾದ ಮೇಕಪ್ ಹಚ್ಚಿ ಬಾಂಬ್ ಸ್ಫೋಟದಲ್ಲಿ ಗಾಯಗೊಂಡವರ ಪಾತ್ರ ಕೊಟ್ಟರು. 2008ರಲ್ಲಿ ಈ ಊರಿನ ಬಗ್ಗೆ ‘ಫುಲ್ ಬ್ಯಾಟಲ್ ರ‍್ಯಾಟಲ್’ ಎಂಬ ಸಾಕ್ಷ್ಯಚಿತ್ರವೂ ಬಂತು. ತಮ್ಮ ದೇಶ ಬಿಟ್ಟು ಬಂದವರು, ಆ ದೇಶದ ಕೇಡನ್ನು ಪರದೇಶದ ಮರುಭೂಮಿಯಲ್ಲಿ ದಿನಗೂಲಿಗೆ ಮತ್ತೆ ಮತ್ತೆ ನಟಿಸುತ್ತಿದ್ದರು. ಬೆಳಿಗ್ಗೆ ಸತ್ತವರು ಮಧ್ಯಾಹ್ನ ಎದ್ದು ಊಟಕ್ಕೆ ಹೋಗುತ್ತಿದ್ದರು.

ಇದರಿಂದ ಉಪಯೋಗವಾಗಲಿಲ್ಲ ಎನ್ನಲಾಗದು. ಹತ್ತೊಂಬತ್ತರ ಹುಡುಗನೊಬ್ಬ ಅರಬ್ಬಿ ಮಾತನ್ನು ಮೊದಲ ಸಲ ಬಾಗ್ದಾದಿನ ಚೆಕ್‌ಪೋಸ್ಟಿನಲ್ಲಿ ಕೇಳುವುದಕ್ಕಿಂತ ಮೊಹಾವಿಯಲ್ಲಿ ಕೇಳುವುದು ಮೇಲು. ದುಭಾಷಿಯನ್ನು ನೋಡುತ್ತ ಮಾತಾಡಬಾರದು, ಎದುರಿಗಿರುವವರನ್ನು ನೋಡಿ ಮಾತಾಡಬೇಕು ಎಂಬಷ್ಟನ್ನಾದರೂ ಅವನು ಕಲಿತ. ಆದರೆ ಅಲ್ಲಿನ ಮೇಯರ್ ಕೊನೆಗೆ ಏನು ಹೇಳುತ್ತಾನೆಂದು ಮೊದಲೇ ಬರೆದಿರುತ್ತಿತ್ತು.

ಕೆಲಸಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೋದ ಕನ್ನಡಿಗರಿಗೆ 30 ದಿನಗಳಲ್ಲಿ ತಮಿಳು, 30 ದಿನಗಳಲ್ಲಿ ತೆಲುಗು ಕಲಿಸುವ ಮಾದರಿಯ ಪುಸ್ತಕಗಳ ಪರಿಚಯವಿರುತ್ತದೆ. ಬಸ್ ನಿಲ್ದಾಣ ಎಲ್ಲಿದೆ ಎಂದು ಕೇಳುವುದನ್ನು ಆ ಪುಸ್ತಕ ಚೆನ್ನಾಗಿಯೇ ಕಲಿಸುತ್ತದೆ. ಕೇಳಿದ ಮೇಲೆ ಎದುರಿಗಿದ್ದವರು ಕೊಡುವ ಉತ್ತರ ಮಾತ್ರ ಪುಸ್ತಕದಲ್ಲಿರುವುದಿಲ್ಲ. ಅವರು ‘ಯಾವ ಬಸ್ಸು?’ ಎಂದು ತಿರುಗಿ ಕೇಳಬಹುದು, ಕೈ ತೋರಿಸಿ ಏನೋ ಗೊಣಗಬಹುದು, ನಗಬಹುದು, ಸುಮ್ಮನೆ ಹೋಗಿಬಿಡಬಹುದು. ಪುಸ್ತಕದ ಒಂದು ಭಾಷೆ, ಬೀದಿಯ ಇನ್ನೊಂದು ಭಾಷೆ. ನಡುವೆ ನಿಂತವರು ಕೆಂಪಗಾಗುತ್ತಾರೆ, ಅಷ್ಟೆ. ನಕಲಿ ನಗರವೂ ಇಂಥದೇ ಒಂದು ಪುಸ್ತಕ. ಪ್ರಶ್ನೆ ಕಲಿಸುತ್ತದೆ, ಉತ್ತರ ಕಲಿಸಲಾರದು. ಕೈಯಲ್ಲಿ ಬಂದೂಕಿದ್ದಾಗ ಉತ್ತರ ಅರ್ಥವಾಗದಿದ್ದರೆ ಅದು ಮುಜುಗರದಲ್ಲಿ ಮುಗಿಯುವುದಿಲ್ಲ.

‘ನಿಲ್ಲು’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಆದೇಶ ಕೇಳಿದವನಿಗೆ ಅರ್ಥವಾದರೆ ಮಾತ್ರ ಅದು ಆದೇಶ, ಇಲ್ಲದಿದ್ದರೆ ಬರೀ ಕೂಗು. ಕೂಗು ಕೇಳಿದ ಮನುಷ್ಯ ಏನು ಮಾಡುತ್ತಾನೆ? ಕೆಲವರು ನಿಲ್ಲುತ್ತಾರೆ, ಕೆಲವರು ಓಡುತ್ತಾರೆ, ಕೆಲವರು ಮಗುವಿನ ಕಡೆಗೆ ಧಾವಿಸುತ್ತಾರೆ. ಕಿವಿ ಕೇಳದ ಅಜ್ಜಿ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತಾಳೆ. ಸೈನಿಕನ ಕಣ್ಣಿಗೆ ಓಡುವವನು ತಪ್ಪಿತಸ್ಥ, ನಿಲ್ಲದವಳು ಹಟಮಾರಿ. ಮಾತಿನ ಬದಲು ಸನ್ನೆ ಮಾಡಿದರೂ ಕಷ್ಟ ತಪ್ಪದು. ಎತ್ತಿ ಹಿಡಿದ ಮುಷ್ಟಿ ಅಮೆರಿಕದ ಸೈನಿಕನಿಗೆ ‘ನಿಲ್ಲು’. ಇರಾಕಿನ ಚೆಕ್‌ಪೋಸ್ಟುಗಳಲ್ಲಿ ಕಾರು ಓಡಿಸಿಕೊಂಡು ಬಂದವರಿಗೆ ಅದು ಹಾಗೆ ಕಾಣಬೇಕೆಂದೇನಿರಲಿಲ್ಲ. ಸನ್ನೆಗೂ ವ್ಯಾಕರಣವಿದೆ, ಅದು ಊರಿಂದ ಊರಿಗೆ ಬದಲಾಗುತ್ತದೆ.

*

ಇದು ದೂರದ ಸೈನ್ಯಗಳ ಕಥೆ ಮಾತ್ರವಲ್ಲ. 1987ರ ಜುಲೈ ಕೊನೆಗೆ ಭಾರತದ ಸೈನಿಕರು ಶಾಂತಿಪಾಲಕರಾಗಿ ಶ್ರೀಲಂಕಾಗೆ ಇಳಿದರು. ಅಕ್ಟೋಬರಿನ ಹೊತ್ತಿಗೆ ಅವರು ಜಾಫ್ನಾದ ಬೀದಿಗಳಲ್ಲಿ ಎಲ್‌ಟಿಟಿಇ ವಿರುದ್ಧ ಯುದ್ಧ ಮಾಡುತ್ತಿದ್ದರು. ಆ ಹೋರಾಟಗಾರರಲ್ಲಿ ಹಲವರು ಕೆಲವೇ ವರ್ಷಗಳ ಹಿಂದೆ ಭಾರತದ ನೆಲದಲ್ಲೇ ತರಬೇತಿ ಪಡೆದವರು. ಊರು ಅವರದು, ಭಾಷೆ ಅವರದು, ಯಾವ ಬೇಲಿಯ ಸಂದಿನಿಂದ ಯಾವ ಹಿತ್ತಲಿಗೆ ಹೋಗಬಹುದೆಂಬುದೂ ಅವರಿಗೆ ಗೊತ್ತು. ಭಾರತದ ಸೈನಿಕರು ಗಡಿಯ ಬಯಲಿಗೆ, ಪರ್ವತಕ್ಕೆ, ಈಶಾನ್ಯದ ಕಾಡಿಗೆ ತಯಾರಾಗಿದ್ದವರು. ಜನನಿಬಿಡವಾದ ಪಟ್ಟಣವೊಂದರಲ್ಲಿ ಮನೆಮನೆಯ ಕಾಳಗಕ್ಕೆ ತಾಲೀಮು ನಡೆದಿರಲಿಲ್ಲ, ನಡೆಸಲು ಸಮಯವೂ ಇರಲಿಲ್ಲ.

ಅಕ್ಟೋಬರ್ 11ರ ರಾತ್ರಿ, ಎಲ್‌ಟಿಟಿಇ ನಾಯಕರನ್ನು ಹಿಡಿಯಲೆಂದು ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ ಹೆಲಿಕಾಪ್ಟರುಗಳಲ್ಲಿ ಕಮಾಂಡೊಗಳನ್ನೂ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ ಸೈನಿಕರನ್ನೂ ಇಳಿಸಲಾಯಿತು. ರೇಡಿಯೊ ಮಾತುಗಳನ್ನು ಕದ್ದು ಕೇಳಿದ್ದ ಎದುರಾಳಿಗಳು ಕಾದು ಕೂತಿದ್ದರು. ಗುಂಡೇಟು ತಿಂದ ಹೆಲಿಕಾಪ್ಟರುಗಳು ಉಳಿದವರನ್ನು ತರಲಾಗಲಿಲ್ಲ. ಇಳಿದ 30 ಸಿಖ್ ಸೈನಿಕರಲ್ಲಿ 29 ಜನ ಸತ್ತರು, ಒಬ್ಬ ಸೆರೆಯಾದ.

ಪಟ್ಟಣವನ್ನು ಹಿಡಿಯಲು ಸುಮಾರು ಎರಡು ವಾರ ಬೇಕಾಯಿತು. ಆ ದಿನಗಳ ಇನ್ನೊಂದು ಮುಖವೂ ದಾಖಲಾಗಿದೆ. ಅಕ್ಟೋಬರ್ 21, ದೀಪಾವಳಿಯ ದಿನ, ಸೈನಿಕರು ಜಾಫ್ನಾದ ದೊಡ್ಡಾಸ್ಪತ್ರೆಗೆ ನುಗ್ಗಿದರು. ಅಲ್ಲಿಂದ ತಮ್ಮ ಮೇಲೆ ಗುಂಡು ಹಾರುತ್ತಿತ್ತು, ಸತ್ತವರು ಎರಡು ಕಡೆಯ ಗುಂಡಿನ ನಡುವೆ ಸಿಕ್ಕಿದವರು ಎಂಬುದು ಸೈನ್ಯದ ಮಾತು. ಹೋರಾಟಗಾರರು ಆಗಲೇ ಹೊರಟುಹೋಗಿದ್ದರು, ಸತ್ತವರು ರೋಗಿಗಳು, ದಾದಿಯರು, ವೈದ್ಯರು ಎಂಬುದು ಬದುಕಿ ಉಳಿದವರ ಮಾತು. ಸತ್ತವರ ಸಂಖ್ಯೆ 60ರಿಂದ 70. ಮಾರನೆಯ ಬೆಳಿಗ್ಗೆ ಕೈ ಮೇಲೆತ್ತಿ, ತಾವು ವೈದ್ಯರು, ಶರಣಾಗುತ್ತಿದ್ದೇವೆ ಎಂದು ಕೂಗುತ್ತ ಹೊರಬಂದ ಮಕ್ಕಳ ವೈದ್ಯರೊಬ್ಬರನ್ನು ಗುಂಡಿಟ್ಟು ಕೊಂದರೆಂದು ಅಲ್ಲಿದ್ದವರು ಹೇಳಿದ್ದಾರೆ. ಎತ್ತಿದ ಕೈಗೆ ಅನುವಾದ ಬೇಕಿರಲಿಲ್ಲ. ಅದೂ ತಲುಪಲಿಲ್ಲ. ಜೊತೆಗಾರರನ್ನು ಕಳೆದುಕೊಂಡು, ಹತ್ತು ದಿನ ಯಾವ ಕಿಟಕಿಯಿಂದ ಗುಂಡು ಬರುತ್ತದೋ ತಿಳಿಯದೆ ನಡೆದ ಸೈನಿಕನ ಕಣ್ಣಿಗೆ ಊರೆಲ್ಲ ಶತ್ರುವಾಗಿ ಕಾಣುವ ಗಳಿಗೆಯೊಂದು ಬರುತ್ತದೆ. ಆ ಗಳಿಗೆ ಕೊಲೆಯನ್ನು ಸಮರ್ಥಿಸುವುದಿಲ್ಲ. ಆದರೆ ತರಬೇತಿ ತಡೆಯಬೇಕಾದದ್ದು ಅದನ್ನೇ, ಯಾವ ನಕಲಿ ನಗರದಲ್ಲೂ ಹುಟ್ಟಿಸಲಾಗದ್ದೂ ಅದನ್ನೇ. ಅಲ್ಲಿ ಸತ್ತ ಗೆಳೆಯ ಸಂಜೆ ಎದ್ದು ಕೂರುತ್ತಾನೆ.

ಭಾಷೆ ಗೊತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದುಕೊಳ್ಳುವುದೂ ಸುಲಭದ ಮಾತು. ಜಾಫ್ನಾಗೆ ಹೋದವರಲ್ಲಿ ಮದ್ರಾಸ್ ರೆಜಿಮೆಂಟಿನ ತಮಿಳು ಬಲ್ಲ ಸೈನಿಕರೂ ಇದ್ದರು. ಮೊಸೂಲಿನಲ್ಲಿ ಬಾಗಿಲು ತಟ್ಟಿದ ಇರಾಕಿ ಸೈನಿಕರೂ ಬಾಗಿಲು ತೆರೆದವರೂ ಮಾತಾಡುತ್ತಿದ್ದದ್ದು ಅರಬ್ಬಿಯನ್ನೇ. ಅವರಲ್ಲಿ ಭಯೋತ್ಪಾದನಾ ನಿಗ್ರಹ ಪಡೆಯವರು ಇರಾಕಿನಲ್ಲೇ ಅತಿ ಚೆನ್ನಾಗಿ ತರಬೇತಿಯಾದವರು. ಪೂರ್ವ ಮೊಸೂಲಿನ ಮನೆಮನೆಯ ಕಾಳಗದಲ್ಲಿ ಅವರು ತಮ್ಮವರನ್ನು ಬಹಳ ಸಂಖ್ಯೆಯಲ್ಲಿ ಕಳೆದುಕೊಂಡರು. ಪಶ್ಚಿಮ ಭಾಗಕ್ಕೆ ಬಂದಾಗ ವಿಮಾನದ ಬಾಂಬುಗಳ ಮೇಲಿನ ಅವಲಂಬನೆ ಹೆಚ್ಚಿತು. 2017ರ ಮಾರ್ಚ್ 17ರಂದು ಅಲ್ ಜದೀದಾ ಬಡಾವಣೆಯ ಒಂದು ಕಟ್ಟಡದ ಮೇಲೆ ಬಾಂಬ್ ಬಿತ್ತು. ಗುರಿ ಇದ್ದದ್ದು ಅಲ್ಲಿದ್ದ ಇಬ್ಬರು ಬಂದೂಕುಧಾರಿಗಳು. ಕಟ್ಟಡದ ಒಳಗೆ ಆಶ್ರಯ ಪಡೆದಿದ್ದ ಕುಟುಂಬಗಳ ಬಗ್ಗೆ ಬಾಂಬ್ ಹಾಕಿಸಿದವರಿಗೆ ತಿಳಿದಿರಲಿಲ್ಲ. ಅಮೆರಿಕದ ಸೈನ್ಯದ ತನಿಖೆಯೇ 100ಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ಒಪ್ಪಿಕೊಂಡಿತು. ಕಟ್ಟಡದಲ್ಲಿ ಇಟ್ಟಿದ್ದ ಸ್ಫೋಟಕಗಳೂ ಸಿಡಿದವು ಎಂದಿತು.

ಗ್ರೋಜ್ನಿಯಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. 1994ರ ಡಿಸೆಂಬರ್ 31ರಂದು ರಷ್ಯಾದ ಟ್ಯಾಂಕುಗಳು ಸಾಲಾಗಿ ಚೆಚೆನ್ಯಾದ ಆ ನಗರಕ್ಕೆ ನುಗ್ಗಿದವು. ಟ್ಯಾಂಕಿನ ತೋಪು ಮೇಲಿನ ಮಹಡಿಯವರೆಗೆ ಏಳುತ್ತಿರಲಿಲ್ಲ, ನೆಲಮಾಳಿಗೆಯವರೆಗೆ ಇಳಿಯುತ್ತಿರಲಿಲ್ಲ. ಚೆಚೆನ್ ಹೋರಾಟಗಾರರಿಗೆ ರಷ್ಯನ್ ಚೆನ್ನಾಗಿ ಬರುತ್ತಿತ್ತು, ಹಲವರು ಸೋವಿಯತ್ ಸೈನ್ಯದಲ್ಲಿ ದುಡಿದವರು. ರೇಡಿಯೊದಲ್ಲಿ ರಷ್ಯನ್ನರು ಆಡಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಅವರು ಆಡಿದ್ದು ಇವರಿಗೆ ಆಗುತ್ತಿರಲಿಲ್ಲ. ರೈಲು ನಿಲ್ದಾಣದವರೆಗೆ ಹೋದ ಮೈಕೋಪ್ ಬ್ರಿಗೇಡು ಸುತ್ತುವರಿಯಲ್ಪಟ್ಟು ಕೆಲವೇ ದಿನಗಳಲ್ಲಿ ನುಚ್ಚುನೂರಾಯಿತು. ಆಮೇಲೆ ರಷ್ಯಾ ಫಿರಂಗಿಗಳಿಂದ, ವಿಮಾನಗಳಿಂದ ನಗರವನ್ನೇ ಪುಡಿ ಮಾಡಿತು. ಹಳ್ಳಿಗಳಲ್ಲಿ ನೆಂಟರಿದ್ದ ಚೆಚೆನ್ನರು ಹೊರಗೆ ಹೋಗಿದ್ದರು. ಹೋಗಲು ಜಾಗವಿಲ್ಲದೆ ನೆಲಮಾಳಿಗೆಗಳಲ್ಲಿ ಉಳಿದಿದ್ದವರಲ್ಲಿ ಬಹಳ ಜನ ರಷ್ಯನ್ ಮುದುಕ ಮುದುಕಿಯರು.

ಹುವೇಯಿಂದ ಮೊಸೂಲಿನವರೆಗೆ ಕಾಣುವುದು ಒಂದೇ ಜಾಡು. ಕಾಲಾಳಿನ ಕೌಶಲ ಸೋತಲ್ಲಿಂದ ಫಿರಂಗಿ ಶುರುವಾಗುತ್ತದೆ. ತರಬೇತಿಯ ಮಿತಿಗೆ ಬೆಲೆ ತೆರುವವರಲ್ಲಿ ಸೈನಿಕರು ಮೊದಲಿಗರು, ಆದರೆ ಕೊನೆಯವರಲ್ಲ.

*

2008ರ ನವೆಂಬರ್ 26ರ ರಾತ್ರಿ ಮುಂಬೈಯಲ್ಲಿ ಇದ್ದವರಿಗೆ ಈ ವಿಷಯದ ಇನ್ನೊಂದು ಮಗ್ಗುಲು ನೆನಪಿರುತ್ತದೆ. ಹತ್ತು ಮಂದಿ ದಾಳಿಕೋರರು, 166 ಜನರ ಸಾವು, ಸುಮಾರು 60 ಗಂಟೆ. ತಾಜ್ ಹೋಟೆಲ್ 1903ರಲ್ಲಿ ಶುರುವಾದ ಕಟ್ಟಡ. ನೂರಾರು ಕೋಣೆ, ಸುತ್ತುಬಳಸಿನ ಮೆಟ್ಟಿಲು, ಒಳಓಣಿ. ಮೊದಲು ಒಳಹೊಕ್ಕ ನೌಕಾಪಡೆಯ ಕಮಾಂಡೊಗಳಾಗಲಿ, ಆಮೇಲೆ ದೆಹಲಿ ಕಡೆಯಿಂದ ಬಂದ ಎನ್‌ಎಸ್‌ಜಿ ಕಮಾಂಡೊಗಳಾಗಲಿ ಅದನ್ನು ಮುಂಚೆ ಕಂಡವರಲ್ಲ. ದಾಳಿಕೋರರ ಪರವಾಗಿ ಡೇವಿಡ್ ಹೆಡ್ಲಿ ಮುಂಬೈಗೆ ಮತ್ತೆ ಮತ್ತೆ ಬಂದು ಎಲ್ಲವನ್ನೂ ನೋಡಿಟ್ಟುಕೊಂಡು ಹೋಗಿದ್ದ.

ಆ ರಾತ್ರಿ ಕಟ್ಟಡವನ್ನು ನಿಜವಾಗಿ ಬಲ್ಲವರು ಬೇರೆಯೇ ಇದ್ದರು: ಅಡುಗೆಯವರು, ಬಡಿಸುವವರು, ಟೆಲಿಫೋನ್ ಆಪರೇಟರುಗಳು. ಅಡುಗೆಮನೆಯ ಹಿಂದಿನ ದಾರಿಗಳಿಂದ ಅತಿಥಿಗಳನ್ನು ಸಾಗಿಸಿದವರು ಅವರೇ, ಹಾಗೆ ಸಾಗಿಸುತ್ತ ಸತ್ತವರೂ ಇದ್ದಾರೆ. ಅವರಿಗೆ ಯಾರೂ ಯುದ್ಧ ಕಲಿಸಿರಲಿಲ್ಲ. ದಿನಾ ತಟ್ಟೆ ಹೊತ್ತು ನಡೆದ ಓಣಿ ಅವರ ಪಾದಕ್ಕೆ ಗೊತ್ತಿತ್ತು.

ಎನ್‌ಎಸ್‌ಜಿಯವರು ಕೋಣೆ ಕೋಣೆಯಾಗಿ ಶೋಧಿಸಿದರು. ಅವರ ಕವಾಯತು ಎಷ್ಟೋ ಜೀವ ಉಳಿಸಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್‌ನೊಳಗೆ, ಗಾಯಗೊಂಡ ಜೊತೆಗಾರನನ್ನು ಹೊರಗೆ ಕಳಿಸಿ ದಾಳಿಕೋರರ ಬೆನ್ನಟ್ಟಿ ಹೋಗಿ ಪ್ರಾಣ ಬಿಟ್ಟರು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಿದೆ. ಕೊಲಾಬಾದ ನರಿಮನ್ ಹೌಸ್‌ನಲ್ಲಿ ಹವಿಲ್ದಾರ್ ಗಜೇಂದರ್ ಸಿಂಗ್ ತೀರಿಕೊಂಡರು. ಆ ಕಟ್ಟಡದ ತಾರಸಿಗೆ ಕಮಾಂಡೊಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವುದನ್ನು ದೇಶವೆಲ್ಲ ಟಿವಿಯಲ್ಲಿ ನೇರವಾಗಿ ನೋಡಿತು. ದಾಳಿಕೋರರಿಗೆ ಪಾಕಿಸ್ತಾನದಿಂದ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರೂ ನೋಡಿದರು. ಕೆಳಗಿನ ಗಲ್ಲಿಯಲ್ಲಿ ಜನ ಜಮಾಯಿಸಿದ್ದರು. ಯಾವ ತಾಲೀಮಿನ ಮೈದಾನದಲ್ಲೂ ಟಿವಿ ಕ್ಯಾಮೆರಾ ಇರಲಿಲ್ಲ, ಇಣುಕಿ ನೋಡುವ ನೆರೆಹೊರೆಯೂ ಇರಲಿಲ್ಲ.

ಆಮೇಲೆ ಪಾಠಗಳನ್ನು ಸೇರಿಸಿದರು. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗಳಲ್ಲಿ ಎನ್‌ಎಸ್‌ಜಿ ಕೇಂದ್ರಗಳು ಬಂದವು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಟಿವಿ ಪ್ರಸಾರವನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಇಂಥ ಕಾರ್ಯಾಚರಣೆಗಳ ನೇರ ಪ್ರಸಾರವನ್ನು ತಡೆಯುವ ನಿಯಮ ಬಂತು. ಎಲ್ಲವೂ ಬೇಕಾದದ್ದೇ. ಎಲ್ಲವೂ ಕಳೆದ ಸಲದ ಪ್ರಶ್ನೆಪತ್ರಿಕೆಗೆ ಬರೆದ ಉತ್ತರಗಳೇ.

ತಾಲೀಮಿನ ಊರುಗಳ ಚರಿತ್ರೆಯೂ ಹೀಗೇ ಇದೆ. ಇಂಬರ್‌ನಿಂದ ಹೆಚ್ಚು ದೂರವಿಲ್ಲದ ಕೋಪ್‌ಹಿಲ್ ಡೌನ್ ಎಂಬಲ್ಲಿ ಬ್ರಿಟಿಷ್ ಸೈನ್ಯ 1988ರಲ್ಲಿ ಜರ್ಮನಿಯ ಹಳ್ಳಿಯ ಪ್ರತಿಯೊಂದನ್ನು ಕಟ್ಟಿತು. ಸೋವಿಯತ್ ಸೈನ್ಯ ಬಂದರೆ ಕಾದುವುದು ಅಂಥ ಹಳ್ಳಿಗಳಲ್ಲಿ ಎಂದು. ಮರುವರ್ಷವೇ ಬರ್ಲಿನ್ ಗೋಡೆ ಬಿತ್ತು. ಮುಂದೆ ಇರಾಕ್, ಅಫ್ಘಾನಿಸ್ತಾನಗಳಿಗೆ ಹೋಗುವವರಿಗಾಗಿ ಆ ಇಳಿಜಾರು ಸೂರಿನ ಮನೆಗಳ ಪಕ್ಕದಲ್ಲೇ ಕಂಟೇನರುಗಳ ಇನ್ನೊಂದು ಊರನ್ನು ಪೇರಿಸಿದರು. ಫೋರ್ಟ್ ಇರ್ವಿನ್ನಿನ ಇರಾಕಿ ಹಳ್ಳಿಗೆ ಮುಂದೆ ಅಫ್ಘನ್ ಹೆಸರು ಬಂತು.

*

ಹಾಗಾದರೆ ತರಬೇತಿಯಿಂದ ಏನನ್ನು ಕೇಳಬಹುದು? ಕೈಗೆ ವೇಗ ಕಲಿಸುವಷ್ಟೇ ಶ್ರಮದಿಂದ ತಡೆಯುವುದನ್ನೂ ಕಲಿಸಬಹುದು. ಗುಂಡು ಹಾರಿಸದೆ ಉಳಿದ ಸೈನಿಕನಿಗೂ ಅಂಕ ಕೊಡಬಹುದು. ಲೇಸರ್ ಕಿರಣ ನಿಂತ ಗೋಡೆಯ ಆಚೆ ಯಾರಿದ್ದರೆಂದು ಆಟ ಮುಗಿದ ಮೇಲೆ ಕರೆದುಕೊಂಡು ಹೋಗಿ ತೋರಿಸಬಹುದು. ಪಾತ್ರಧಾರಿಗಳ ಕೈಯಿಂದ ಬರೆದ ಮಾತುಗಳನ್ನು ಕಿತ್ತುಕೊಂಡು, ನಿಮಗೆ ತೋಚಿದಂತೆ ನಡೆದುಕೊಳ್ಳಿ ಎನ್ನಬಹುದು: ಒಬ್ಬಾಕೆ ಮನೆ ಬಿಡಲು ಒಪ್ಪದಿರಲಿ, ಒಬ್ಬ ಸುಳ್ಳು ಹೇಳಲಿ, ಒಬ್ಬ ನಿಜ ಹೇಳಿಯೂ ನಂಬಿಕೆ ಗಳಿಸದಿರಲಿ, ಒಬ್ಬಳು ಕಾರಣವಿಲ್ಲದೆ ಓಡಲಿ. ತಾಲೀಮು ಸೋಲಿನಲ್ಲೇ ಮುಗಿಯಲಿ. ಕೆಲವು ಸೈನ್ಯಗಳು ಇದರಲ್ಲಿ ಕೆಲವನ್ನು ಮಾಡಲು ಯತ್ನಿಸಿವೆ.

ಇಷ್ಟೆಲ್ಲ ಮಾಡಿದರೂ ಒಂದು ಅಂತರ ಉಳಿಯುತ್ತದೆ. ಸೈನಿಕರಿಗೆ ಅದು ಗೊತ್ತಿದ್ದರೆ ಸಾಲದು. ಅವರನ್ನು ಊರೊಳಗೆ ಕಳಿಸಲು ಸಹಿ ಹಾಕುವವರಿಗೂ, ಟಿವಿಯ ಮುಂದೆ ಕೂತು ಇನ್ನೆಷ್ಟು ಹೊತ್ತು ಎಂದು ಕೇಳುವವರಿಗೂ ಗೊತ್ತಿರಬೇಕು. ನಮ್ಮವರು ಚೆನ್ನಾಗಿ ತರಬೇತಿಯಾದವರು, ನಾಗರಿಕರಿಗೆ ಏನೂ ಆಗದು ಎಂಬ ಮಾತನ್ನು ಪ್ರತಿ ಯುದ್ಧದ ಮೊದಲ ವಾರದಲ್ಲಿ ಯಾರಾದರೂ ಹೇಳುತ್ತಾರೆ. ಅದರ ಮೊದಲರ್ಧ ನಿಜವೇ ಇರಬಹುದು.

ಇಂಬರ್‌ನಲ್ಲಿ ಸಂತ ಗೈಲ್ಸ್ ಚರ್ಚು ಇನ್ನೂ ನಿಂತಿದೆ. ಸುತ್ತ ಬೇಲಿ, ಅದರಾಚೆ ಸಿಡಿಯದ ಶೆಲ್ಲುಗಳಿರಬಹುದೆಂಬ ಎಚ್ಚರಿಕೆಯ ಫಲಕಗಳು. ವರ್ಷದಲ್ಲಿ ಕೆಲವು ದಿನ ಸೈನ್ಯ ದಾರಿ ಬಿಡುತ್ತದೆ. ಸೆಪ್ಟೆಂಬರ್ 1ರ ಆಸುಪಾಸಿನ ಶನಿವಾರ ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಸಂಜೆಯಾಗುವಷ್ಟರಲ್ಲಿ ಎಲ್ಲರೂ ಹೊರಡಬೇಕು. ದಾರಿಗೆ ಮತ್ತೆ ಬೀಗ ಬೀಳುತ್ತದೆ, ಖಾಲಿ ಮನೆಗಳು ಮುಂದಿನ ತಂಡಕ್ಕಾಗಿ ಕಾಯುತ್ತವೆ.